ಬೀಗ ಗಟ್ಟಿಯಾಗಿದೆ, ಬೀಗದಕೈ ಯಾರ ಬಳಿ ಇದೆ?

ಇಂದು ಹೆಚ್ಚಿನ ಸಂಘಗಳಿಗೆ ಒಂದೊಂದು ವಾಟ್ಸಾಪ್ ಗ್ರೂಪ್ ಇದೆ. ಸಭೆ ಯಾವಾಗ, ಉಳಿತಾಯ ಎಷ್ಟು ಜಮೆಯಾಯಿತು, ಬ್ಯಾಂಕಿಗೆ ಯಾರು ಹೋಗಬೇಕು, ಅಂಗನವಾಡಿಯಿಂದ ಬಂದ ಸುತ್ತೋಲೆಯಲ್ಲಿ ಏನಿದೆ, ಎಲ್ಲವೂ ಅಲ್ಲೇ. ಹಿಂದೆ ಇಪ್ಪತ್ತು ಮನೆಗಳ ಬಾಗಿಲು ತಟ್ಟಿ ಹೇಳಬೇಕಾಗಿದ್ದ ಮಾತು ಈಗ ಅರೆಕ್ಷಣದಲ್ಲಿ ಎಲ್ಲರಿಗೂ ಮುಟ್ಟುತ್ತದೆ. ಇದು ಅನುಕೂಲವೇ. ಕೂಲಿ ಮುಗಿಸಿ, ಅಡುಗೆ ಮುಗಿಸಿ ಸಂಘದ ಕೆಲಸಕ್ಕೆ ಕೂರುವ ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತು. ಆದರೆ ಆ ಬೆಲೆಯನ್ನು ನಮ್ಮಲ್ಲಿ ಯಾರು ಕಟ್ಟುತ್ತಿದ್ದಾರೆ ಎಂಬ ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ. ಇಪ್ಪತ್ತು ಮಂದಿಯ ಸಂಘದಲ್ಲಿ ಹತ್ತೊಂಬತ್ತು ಮಂದಿಗೆ ಅನುಕೂಲವಾದರೆ ಬೆಲೆ ಕಟ್ಟುವವಳು ಇಪ್ಪತ್ತನೆಯವಳು. ಅವಳು ಮನೆಯಲ್ಲಿ ಏಟು ತಿನ್ನುತ್ತಿರುವವಳು.

ಇಪ್ಪತ್ತರಲ್ಲಿ ಒಬ್ಬಳು ಎಂದದ್ದು ಮಾತಿಗೆ ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಿಮ್ಮ ಸಂಘದ ಚಾಪೆಯ ಮೇಲೆ ಇಪ್ಪತ್ತು ಮಂದಿ ಕೂತಿದ್ದರೆ ಅವರಲ್ಲಿ ಎಷ್ಟು ಮಂದಿ ಎಂದು ನೀವೇ ಲೆಕ್ಕ ಹಾಕಿ. ಅವರ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಅವರ ಫೋನ್ ಯಾರ ಕೈಯಲ್ಲಿದೆ ಎಂದು ನೋಡಿದರೆ ಎಷ್ಟೋ ಸಲ ಗೊತ್ತಾಗುತ್ತದೆ.

ಕಳ್ಳ ಹೊರಗಿನವನೇ?

ಯಾವ ಆಪ್ ಸುರಕ್ಷಿತ ಎಂಬ ಚರ್ಚೆ ನಮ್ಮ ದೇಶದಲ್ಲಿ ಜೋರಾಗಿ ಎದ್ದದ್ದು 2021ರ ಜನವರಿಯಲ್ಲಿ. ಫೇಸ್‌ಬುಕ್ ಒಡೆತನದ ವಾಟ್ಸಾಪ್ ತನ್ನ ನಿಯಮಗಳನ್ನು ಬದಲಿಸಿ, 'ಒಪ್ಪಿಕೊಳ್ಳಿ, ಇಲ್ಲವೇ ಬಿಡಿ' ಎಂದಿತು. ಓದುಬರಹ ಬಲ್ಲವರು ಸಿಟ್ಟಾದರು, ಬಹಳ ಮಂದಿ ಸಿಗ್ನಲ್ಲಿಗೆ, ಟೆಲಿಗ್ರಾಮಿಗೆ ಹೋದರು. ಅದೇ ವಿಷಯಕ್ಕೆ 2024ರ ನವೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಕಂಪನಿಗೆ 213 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಈ ಹೋರಾಟ ಸರಿಯಾದದ್ದೇ. ನಾವು ಯಾರೊಂದಿಗೆ, ಎಷ್ಟು ಹೊತ್ತಿಗೆ ಮಾತಾಡುತ್ತೇವೆ ಎಂಬ ಮಾಹಿತಿಯನ್ನು ದೊಡ್ಡ ಕಂಪನಿಗಳು ಸರಕು ಮಾಡಿಕೊಳ್ಳುವುದನ್ನು ಪ್ರಶ್ನಿಸಲೇಬೇಕು.

ಆದರೆ ಈ ಚರ್ಚೆಯಲ್ಲೆಲ್ಲ ಕಳ್ಳ ಯಾವಾಗಲೂ ಹೊರಗಿನವನು. ಅವನು ಅಮೆರಿಕದ ಕಂಪನಿ, ಸರ್ಕಾರ, ಇಲ್ಲವೇ ಎಲ್ಲೋ ಕೂತು ಒಟಿಪಿ ಕೇಳುವ ಮೋಸಗಾರ. ನಮ್ಮ ಬಳಿ ಬರುವ ಹೆಣ್ಣುಮಗಳ ಕಥೆ ಹಾಗಿಲ್ಲ. ಅವಳ ಮೆಸೇಜ್ ಓದುವವನು ಅವಳ ಪಕ್ಕದಲ್ಲೇ ಮಲಗುತ್ತಾನೆ. ಅವನಿಗೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ. 'ಫೋನ್ ಕೊಡು ಇಲ್ಲಿ' ಎಂದರೆ ಸಾಕು.

ವಾಟ್ಸಾಪಿನಲ್ಲಿ ಬೀಗವಿದೆ ಎಂಬುದು ನಿಜ. 2016ರಿಂದ ಅಲ್ಲಿಯ ಮಾತುಕತೆಗೆಲ್ಲ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಎಂಬ ರಕ್ಷಣೆ ಇದೆ. ಅಂದರೆ ನಿಮ್ಮ ಫೋನಿನಲ್ಲಿ ಬೀಗ ಬಿದ್ದ ಮಾತು ನಿಮ್ಮ ಗೆಳತಿಯ ಫೋನಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ದಾರಿಯಲ್ಲಿ ಯಾರೂ, ಆ ಕಂಪನಿಯೂ, ಅದನ್ನು ಓದಲಾಗದು. ಬೀಗ ಗಟ್ಟಿಯೇ. ಆದರೆ ಅದು ದಾರಿಗೆ ಹಾಕಿದ ಬೀಗ. ಮನೆಯೊಳಗೆ ಫೋನ್ ಕಸಿದುಕೊಳ್ಳುವ ಕೈಗೆ ಆ ಬೀಗ ಅಡ್ಡ ಬರುವುದಿಲ್ಲ.

ಆ ಕೈ ಒಳಗೆ ಬರುವ ದಾರಿಗಳು ಒಂದೆರಡಲ್ಲ. ವಾಟ್ಸಾಪನ್ನು ಫೋನಿನ ಜೊತೆಗೆ ಇನ್ನೂ ನಾಲ್ಕು ಕಡೆ ಜೋಡಿಸಬಹುದು. ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದ ತನ್ನ ಕಂಪ್ಯೂಟರಿನ ಮೇಲಿನ ಚೌಕದ ಗುರುತನ್ನು ಒಮ್ಮೆ ಹಿಡಿದರೆ ಮುಗಿಯಿತು, ಅಂದಿನಿಂದ ಅವಳು ಬರೆಯುವುದೆಲ್ಲ ಅವನಿಗೂ ಕಾಣುತ್ತದೆ. ನನಗೆ ಗೊತ್ತಿರುವ ಒಬ್ಬ ತಂಗಿ, 'ಅಕ್ಕಾ, ತವರಿಗೆ ಹೋಗ್ತೀನಿ ಅಂತ ಅಮ್ಮನಿಗೆ ಮಾತ್ರ ಬರೆದಿದ್ದೆ, ಇವರಿಗೆ ಹೇಗೆ ತಿಳೀತು?' ಎಂದು ಕೇಳಿದಳು. ತಿಳಿದದ್ದು ಹೀಗೆ.

ಇನ್ನೊಂದು ದಾರಿ ಬ್ಯಾಕಪ್. ಹಳೆಯ ಮಾತುಕತೆಯ ನಕಲು ಗೂಗಲ್ ಖಾತೆಯಲ್ಲಿ ಉಳಿಯುತ್ತದೆ. ಅದಕ್ಕೂ ಬೀಗ ಹಾಕುವ ಸೌಲಭ್ಯ 2021ರಲ್ಲಿ ಬಂತು, ಆದರೆ ನಾವಾಗಿ ಹಾಕಿಕೊಂಡರೆ ಮಾತ್ರ. ನಮ್ಮಲ್ಲಿ ಎಷ್ಟು ಮಂದಿಯ ಗೂಗಲ್ ಖಾತೆಯನ್ನು ನಾವೇ ತೆರೆದುಕೊಂಡಿದ್ದೇವೆ? ಗಂಡನೋ ಮೈದುನನೋ ಮಗನೋ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವರಿಗೇ ಗೊತ್ತು. ಇನ್ನು ಸಿಮ್ ಕಾರ್ಡಿನ ಮಾತು. ಸಿಮ್ ಯಾರ ಕೈಯಲ್ಲಿದೆಯೋ ಒಟಿಪಿ ಅವರಿಗೆ ಬರುತ್ತದೆ. ಒಟಿಪಿ ಬಂದವನು ನಿಮ್ಮ ನಂಬರಿನ ವಾಟ್ಸಾಪನ್ನು ತನ್ನ ಫೋನಿನಲ್ಲಿ ತೆರೆಯಬಲ್ಲ. ಇದನ್ನು ತಡೆಯಲು ಆರು ಅಂಕಿಯ ಇನ್ನೊಂದು ಗುಪ್ತಸಂಖ್ಯೆ ಇಟ್ಟುಕೊಳ್ಳಬಹುದು. ಅದನ್ನು ಎಷ್ಟು ಮಂದಿಗೆ ಯಾರು ಹೇಳಿಕೊಟ್ಟಿದ್ದಾರೆ?

ಇದೆಲ್ಲ ಸ್ವಂತ ಫೋನ್ ಇರುವವರ ಮಾತಾಯಿತು. ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಮೊಬೈಲ್ ಫೋನ್ ಇರುವ ಮಹಿಳೆಯರು ನೂರಕ್ಕೆ 54 ಮಂದಿ ಮಾತ್ರ. ನಿಮ್ಮ ಸಂಘದ ಗ್ರೂಪನ್ನೇ ಒಮ್ಮೆ ನೋಡಿ. ಸದಸ್ಯೆಯ ಹೆಸರಿನಲ್ಲಿ ಸೇರಿಸಿರುವ ನಂಬರ್ ಎಷ್ಟೋ ಕಡೆ ಅವಳ ಗಂಡನದು. ಮಹಿಳಾ ಸಂಘದ ಗ್ರೂಪ್ ಎಂದು ಹೆಸರು, ಒಳಗೆ ಕೂತು ಓದುತ್ತಿರುವವರು ಗಂಡಸರು!

'ಮುಚ್ಚಿಡುವಂಥದ್ದು ಏನಿದೆ?'

ಈ ಮಾತು ಎತ್ತಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. ಗಂಡ ಹೆಂಡತಿ ನಡುವೆ ಗುಟ್ಟೇನು? ತಪ್ಪು ಮಾಡದವಳು ಫೋನಿಗೆ ಬೀಗ ಏಕೆ ಹಾಕಬೇಕು? ಗಂಡಸರಷ್ಟೇ ಅಲ್ಲ, ನಮ್ಮ ಸಭೆಗಳಲ್ಲಿ ಹಿರಿಯ ಹೆಂಗಸರೂ ಹೀಗೆ ಕೇಳುತ್ತಾರೆ.

ಅವರಿಗೆ ನನ್ನ ಮರುಪ್ರಶ್ನೆ ಇದು. ಅವನ ಫೋನನ್ನು ಅವಳು ನೋಡಬಹುದೇ? ಅವನ ಸಂಬಳ ಎಷ್ಟು, ಸಾಲ ಎಷ್ಟು, ಅವಳ ಒಡವೆ ಯಾವ ಅಂಗಡಿಯಲ್ಲಿ ಅಡವಿದೆ ಎಂಬುದು ಅವಳಿಗೆ ಗೊತ್ತಿದೆಯೇ? ಒಂದೇ ದಿಕ್ಕಿಗೆ ತೆರೆಯುವ ಬಾಗಿಲನ್ನು ನಂಬಿಕೆ ಎನ್ನುವುದಿಲ್ಲ, ಕಾವಲು ಎನ್ನುತ್ತಾರೆ. ಹಿಂದೆ ತವರಿಗೆ ಬರೆದ ಇನ್‌ಲ್ಯಾಂಡ್ ಲೆಟರನ್ನು ಅಂಚೆ ಡಬ್ಬಕ್ಕೆ ಹಾಕುವ ಮೊದಲು ಅತ್ತೆ ಓದುತ್ತಿದ್ದಳು. ತವರಿನಿಂದ ಬಂದ ಕಾಗದವನ್ನು ಸೊಸೆಗೆ ಕೊಡುವ ಮೊದಲು ಗಂಡ ಒಡೆಯುತ್ತಿದ್ದ. 'ಇಲ್ಲಿ ಎಲ್ಲರೂ ಕ್ಷೇಮ' ಎಂಬ ಒಂದೇ ಸಾಲು ಬರೆದು ಬರೆದು ಸತ್ತವರು ಎಷ್ಟು ಮಂದಿ! ಕಾಗದ ಹೋಗಿ ಫೋನ್ ಬಂದಿದೆ, ಒಡೆದು ಓದುವ ಅಧಿಕಾರ ಹಾಗೆಯೇ ಇದೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. 'ಮನೆಯ ವಿಷಯ ಬೀದಿಗೆ ತರಬೇಡಿ', 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಮಾತುಗಳ ವಿರುದ್ಧವೇ ನಮ್ಮ ಚಳವಳಿ ಎದ್ದದ್ದು. ಸ್ಟವ್ ಸಿಡಿದು ಸತ್ತಳು, ಹೊಟ್ಟೆನೋವು ತಾಳದೆ ಸತ್ತಳು ಎಂದು ಮುಚ್ಚಿಹೋಗುತ್ತಿದ್ದ ಸಾವುಗಳನ್ನು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಮೋಚನಾದಂತಹ ಸಂಘಟನೆಗಳು ಒಂದೊಂದಾಗಿ ಹೊರಗೆಳೆದವು. ಹಾಗೆ ಮನೆಯ ಗುಟ್ಟನ್ನು ಒಡೆದ ನಾವು ಇಂದು ಖಾಸಗಿತನ ಬೇಕು ಎನ್ನುವುದು ವಿರೋಧಾಭಾಸವಲ್ಲವೇ?

ಅಲ್ಲ. ಮನೆಯ ಗುಟ್ಟು ಬೇರೆ, ಹೆಣ್ಣಿನ ಖಾಸಗಿತನ ಬೇರೆ. ಮನೆಯ ಗುಟ್ಟು ಹೊಡೆಯುವವನನ್ನು ಕಾಯುತ್ತದೆ. ಖಾಸಗಿತನ ಏಟು ತಿಂದವಳಿಗೆ ಉಸಿರಾಡಲು, ಯೋಚಿಸಲು, ಸಹಾಯ ಕೇಳಲು ಒಂದಿಷ್ಟು ಜಾಗ ಕೊಡುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನದ ಹೆಸರಿನಲ್ಲಿ ಮನೆಯೊಳಗಿನ ಪುರುಷ ದಬ್ಬಾಳಿಕೆಯನ್ನು ಮುಚ್ಚಿಹಾಕಬಾರದು ಎಂಬ ಸ್ತ್ರೀವಾದಿ ವಾದವನ್ನೂ ಆ ತೀರ್ಪು ಪರಿಗಣಿಸಿದೆ. ಹಕ್ಕು ಹೆಣ್ಣಿಗೆ ಸೇರಿದ್ದು, ಮನೆಯ ಯಜಮಾನನಿಗೆ ಮಾತ್ರ ಸೇರಿದ್ದಲ್ಲ.

ಆಪ್ ಬದಲಿಸಿದರೆ ಸಾಕೇ?

ಇಲ್ಲಿ ನಮ್ಮ ಪಟ್ಟಣದ ವಿದ್ಯಾವಂತ ಗೆಳತಿಯರೊಂದಿಗೂ ನನಗೆ ಜಗಳವಿದೆ. ಅವರು ತರಬೇತಿಗೆ ಬರುತ್ತಾರೆ, 'ವಾಟ್ಸಾಪ್ ಬಿಡಿ, ಸಿಗ್ನಲ್ ಹಾಕಿಕೊಳ್ಳಿ' ಎಂದು ಹೇಳಿ ಹೋಗುತ್ತಾರೆ. ಸಿಗ್ನಲ್ ಒಳ್ಳೆಯದೇ. ಲಾಭಕ್ಕಲ್ಲದ ಸಂಸ್ಥೆ ಅದನ್ನು ನಡೆಸುತ್ತದೆ, ಜಾಹೀರಾತಿಲ್ಲ, ನಮ್ಮ ಬಗ್ಗೆ ಅದು ಇಟ್ಟುಕೊಳ್ಳುವ ಮಾಹಿತಿ ಬಹಳ ಕಡಿಮೆ. 2024ರಿಂದ ಫೋನ್ ನಂಬರ್ ತೋರಿಸದೆಯೂ ಅಲ್ಲಿ ಮಾತಾಡಬಹುದು. ಹಿಂಸೆಯ ಪ್ರಕರಣಗಳನ್ನು ನೋಡಿಕೊಳ್ಳುವ ಕಾರ್ಯಕರ್ತೆಯರು ತಮ್ಮತಮ್ಮಲ್ಲಿ ಮಾತಾಡಲು ಅದನ್ನೇ ಬಳಸಲಿ ಎಂದು ನಾನೂ ಹೇಳುತ್ತೇನೆ.

ಆದರೆ ಹೊಡೆಯುವ ಗಂಡನಿರುವ ಮನೆಯಲ್ಲಿ ಫೋನಿನ ಮೇಲೆ ಹೊಸದೊಂದು ಚಿತ್ರ ಕಂಡರೆ ಏನಾಗುತ್ತದೆ? 'ಇದೇನು, ಯಾರಿಗಾಗಿ ಹಾಕಿದ್ದೀಯ?' ಎಂಬ ಪ್ರಶ್ನೆಯಿಂದ ಶುರುವಾಗುವುದು ಪ್ರಶ್ನೆಯಲ್ಲೇ ಮುಗಿಯುವುದಿಲ್ಲ. ಎಲ್ಲರ ಫೋನಿನಲ್ಲೂ ಇರುವುದರಿಂದ ವಾಟ್ಸಾಪಿನ ಮೇಲೆ ಅನುಮಾನವಿಲ್ಲ. ಅದೇ ಅದರ ದೊಡ್ಡ ಅನುಕೂಲ. ಅವಳ ಮಟ್ಟಿಗೆ ಅದು ಸುರಕ್ಷತೆಯೂ ಹೌದು. ಇನ್ನು ಟೆಲಿಗ್ರಾಮ್. ದೊಡ್ಡ ಗ್ರೂಪು ಮಾಡಲು ಸುಲಭ, ನಂಬರ್ ಮುಚ್ಚಿಡಬಹುದು. ಆದರೆ ಅಲ್ಲಿಯ ಸಾಮಾನ್ಯ ಮಾತುಕತೆಗೆ ನಾನು ಮೇಲೆ ಹೇಳಿದ ಬೀಗವೇ ಇಲ್ಲ, ಇಬ್ಬರ ನಡುವಿನ 'ಸೀಕ್ರೆಟ್ ಚಾಟ್' ಎಂಬುದಕ್ಕೆ ಮಾತ್ರ ಇದೆ. ಗ್ರೂಪುಗಳಿಗಂತೂ ಇಲ್ಲವೇ ಇಲ್ಲ. ಸಾದಾ ಎಸ್ಸೆಮ್ಮೆಸ್ಸಿಗೂ ಇಲ್ಲ. ಮೇಲಾಗಿ ಅದು ಫೋನ್ ತೆರೆಯದೆಯೇ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಸಂಘದ ಸಾಲ ಖಾತೆಗೆ ಬಿದ್ದ ದಿನವೇ ಅದನ್ನು ಕಿತ್ತುಕೊಂಡು ಹೋಗುವ ಗಂಡಂದಿರಿಗೆ ಸುದ್ದಿ ಮುಟ್ಟಿಸುವುದು ಬ್ಯಾಂಕಿನ ಆ ಮೆಸೇಜೇ.

ಎಲ್ಲರಿಗೂ ಒಪ್ಪುವ ಒಂದು ಆಪ್ ಇಲ್ಲ. ಯಾರಿಂದ ಮುಚ್ಚಿಡಬೇಕು, ಅವನ ಕೈ ಎಲ್ಲಿಯವರೆಗೆ ಚಾಚುತ್ತದೆ, ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಕೇಳಿಕೊಂಡ ಮೇಲೆಯೇ ಆಯ್ಕೆ ಮಾಡಬೇಕು. ಇದನ್ನು ಅವಳೇ ಹೇಳಬಲ್ಲಳು, ತರಬೇತಿಗೆ ಬಂದವರಲ್ಲ.

ಅಳಿಸಬೇಕೇ, ಉಳಿಸಬೇಕೇ?

ವಾಟ್ಸಾಪಿನಲ್ಲಿ ಮೆಸೇಜು ಒಂದು ದಿನಕ್ಕೆ, ಏಳು ದಿನಕ್ಕೆ, ಇಲ್ಲವೇ 90 ದಿನಕ್ಕೆ ತಾನಾಗಿಯೇ ಅಳಿಸಿಹೋಗುವಂತೆ ಮಾಡಬಹುದು. ಬಹಳ ಚೆನ್ನ, ಅವನಿಗೆ ಏನೂ ಸಿಗುವುದಿಲ್ಲ ಎನ್ನಿಸುತ್ತದೆ. ಆದರೆ ನಾಳೆ ನ್ಯಾಯಾಲಯಕ್ಕೂ ಏನೂ ಸಿಗುವುದಿಲ್ಲ! ಹಿಂದೆ ವರದಕ್ಷಿಣೆ ಪ್ರಕರಣಗಳಲ್ಲಿ ಹೆಣ್ಣು ತವರಿಗೆ ಬರೆದ ಕಾಗದಗಳೇ ಸಾಕ್ಷ್ಯವಾಗುತ್ತಿದ್ದವು. ಇಂದು 'ನಿಮ್ಮಪ್ಪನಿಗೆ ಹೇಳಿ ಎರಡು ಲಕ್ಷ ತರಿಸು, ಇಲ್ಲವಾದರೆ ಬರಬೇಡ' ಎಂಬ ಮಾತು ಧ್ವನಿ ಮೆಸೇಜಿನಲ್ಲಿ ಬರುತ್ತದೆ. ಹಿಂದೆ 498ಎ ಎಂದು ಕರೆಯುತ್ತಿದ್ದ ಕಾನೂನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೂ ಏಟನ್ನಷ್ಟೇ ಅಲ್ಲ, ಬೈಗುಳ, ಮಾನಸಿಕ ಹಿಂಸೆ, ಹಣ ಕಿತ್ತುಕೊಳ್ಳುವುದನ್ನೂ ಹಿಂಸೆ ಎನ್ನುತ್ತದೆ. ಇವನ್ನು ರುಜುವಾತು ಮಾಡಲು ಆ ಮೆಸೇಜು ಬೇಕು.

ಫೋನಿನಲ್ಲಿರುವುದನ್ನು ನ್ಯಾಯಾಲಯಕ್ಕೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಬರಿಯ ಸ್ಕ್ರೀನ್‌ಶಾಟ್ ತೋರಿಸಿದರೆ ಎದುರು ವಕೀಲರು ಸುಮ್ಮನಿರುವುದಿಲ್ಲ. ಆದ್ದರಿಂದ ಸಾಧ್ಯವಾದರೆ ಮೂಲ ಮೆಸೇಜನ್ನು ಅಳಿಸಬೇಡಿ. ನಂಬರ್, ದಿನಾಂಕ ಕಾಣುವಂತೆ ಅದರ ನಕಲು ತೆಗೆದು ನಂಬಿಕೆಯ ಒಬ್ಬ ಹೆಣ್ಣುಮಗಳ ಬಳಿ ಇಡಿ. ನಿಮ್ಮ ಫೋನ್ ಒಡೆದುಹಾಕಿದರೂ ಅದು ಉಳಿದಿರುತ್ತದೆ. ಇಟ್ಟುಕೊಂಡರೆ ಜೀವಕ್ಕೆ ಅಪಾಯ ಎಂದಾದರೆ ಮೆಸೇಜಿನ ಯೋಚನೆ ಬಿಟ್ಟುಬಿಡಿ, ಜೀವ ದೊಡ್ಡದು.

ಕಾನೂನಿನ ಅಲಗು ಎರಡೂ ಕಡೆಗೆ ಕೊಯ್ಯುತ್ತದೆ ಎಂಬುದನ್ನೂ ತಿಳಿದಿರಿ. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗಂಡನೊಬ್ಬ ಹೆಂಡತಿಗೆ ತಿಳಿಯದಂತೆ ಅವಳ ಫೋನ್ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದ. ಇದು ಅವಳ ಖಾಸಗಿತನದ ಉಲ್ಲಂಘನೆ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ದಂಪತಿಗಳ ನಡುವಿನ ಮೊಕದ್ದಮೆಯಲ್ಲಿ ಅಂತಹ ರೆಕಾರ್ಡನ್ನು ಸಾಕ್ಷ್ಯವಾಗಿ ನೋಡಬಹುದು ಎಂದಿತು. ವರದಕ್ಷಿಣೆ ಕೇಳಿದ ಗಂಡನ ದನಿಯನ್ನು ಹಿಡಿದಿಟ್ಟ ಹೆಣ್ಣಿಗೆ ಇದು ಅನುಕೂಲ. ಆದರೆ ಯಾವ ಮನೆಯಲ್ಲಿ ಹೊಸ ಫೋನ್ ಇದೆ, ಯಾರಿಗೆ ವಕೀಲರಿಗೆ ಕೊಡುವ ಹಣ ಇದೆ, ಯಾರಿಗೆ ಇದೆಲ್ಲ ಗೊತ್ತಿದೆ ಎಂದು ನೋಡಿದರೆ ಈ ಅಸ್ತ್ರ ಹೆಚ್ಚಾಗಿ ಯಾರ ಕೈ ಸೇರುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಗಂಡ ನಿಮ್ಮ ವಾಟ್ಸಾಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದಾನೆ ಎಂದು ತಿಳಿದ ಕೂಡಲೇ ಸಿಟ್ಟಿನಲ್ಲಿ ಅದನ್ನು ಕಿತ್ತುಹಾಕಬೇಡಿ. ಕಿತ್ತ ಕ್ಷಣವೇ ಅವನಿಗೆ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಖಾಲಿಯಾದ ಫೋನೂ ಅನುಮಾನ ಹುಟ್ಟಿಸುತ್ತದೆ. ಮೊದಲು ಎಲ್ಲಿಗೆ ಹೋಗುವುದು, ಯಾರು ಜೊತೆಗಿರುತ್ತಾರೆ, ಮಕ್ಕಳು ಎಲ್ಲಿ ಎಂಬುದು ನಿಶ್ಚಯವಾಗಲಿ. ಅಲ್ಲಿಯವರೆಗೆ ಆ ಫೋನಿನಲ್ಲಿ ಸಾದಾ ಮಾತು ನಡೆಯುತ್ತಿರಲಿ, ಗಟ್ಟಿ ಮಾತಿಗೆ ಬೇರೊಬ್ಬಳ ಫೋನ್ ಬಳಸಿ.

ಸಂಘ ಏನು ಮಾಡಬೇಕು?

ಇದುವರೆಗೆ ಹೇಳಿದ್ದನ್ನೆಲ್ಲ ಒಂಟಿ ಹೆಣ್ಣು ತಾನೇ ಕಲಿತು ತಾನೇ ಮಾಡಿಕೊಳ್ಳಬೇಕು ಎಂದರೆ ಅದು ಅನ್ಯಾಯ. ಗ್ರೂಪ್ ಮಾಡಿದ್ದು ಸಂಘ, ಅನುಕೂಲ ಪಡೆದದ್ದು ಸಂಘ, ಹೊಣೆಯೂ ಸಂಘದ್ದೇ. ಬಹುಮತದ ಅನುಕೂಲಕ್ಕೆ ನಿಯಮ ಮಾಡುವುದು ಪಂಚಾಯಿತಿ ಕಟ್ಟೆಯ ರೀತಿ. ಮಹಿಳಾ ಸಂಘದ ನಿಯಮ ಅತಿ ಹೆಚ್ಚು ಅಪಾಯದಲ್ಲಿರುವವಳನ್ನು ನೋಡಿ ಆಗಬೇಕು. ಮುಂದಿನ ಸಭೆಯಲ್ಲಿ ಈ ಮಾತುಗಳನ್ನು ಚರ್ಚೆಗೆ ಇಡಿ:

ಒಂದು, ಸಂಘದ ಗ್ರೂಪಿನಲ್ಲಿ ಸಭೆ, ಉಳಿತಾಯ, ಸುತ್ತೋಲೆ ಇವಿಷ್ಟೇ ಇರಲಿ. ಯಾರ ಮನೆಯ ಕಷ್ಟವೂ ಅಲ್ಲಿ ಬೇಡ. 'ಪಾಪ, ಅವಳಿಗೆ ಹೀಗಾಯಿತಂತೆ' ಎಂಬ ಕನಿಕರದ ಮಾತೂ ಬೇಡ. ಆ ಕನಿಕರ ಅವಳ ಗಂಡನ ಕಣ್ಣಿಗೂ ಬೀಳುತ್ತದೆ.

ಎರಡು, ಯಾರನ್ನೂ ಕೇಳದೆ ಗ್ರೂಪಿಗೆ ಸೇರಿಸಬಾರದು. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ ಎಂದು ಮೊದಲೇ ಹೇಳಬೇಕು. ನಂಬರ್ ಯಾರದು, ಓದುವವರು ಯಾರು ಎಂದು ಅಡ್ಮಿನ್ ಒಮ್ಮೆ ಎಲ್ಲರನ್ನೂ ವಿಚಾರಿಸಲಿ.

ಮೂರು, ಕಂತು ಕಟ್ಟದವರ ಹೆಸರನ್ನಾಗಲಿ, ಪಾಸ್‌ಪುಸ್ತಕದ ಫೋಟೋವನ್ನಾಗಲಿ ಗ್ರೂಪಿಗೆ ಹಾಕುವುದು ಕೂಡಲೇ ನಿಲ್ಲಲಿ. ಹೆಸರು ಹಾಕಿ ಮರ್ಯಾದೆ ಕಳೆಯುವುದು ಬಡ್ಡಿ ವಸೂಲಿಯವರ ಕೆಲಸ.

ನಾಲ್ಕು, ಕಷ್ಟ ಹೇಳಿಕೊಳ್ಳಲು ಇಬ್ಬರು ಸದಸ್ಯೆಯರನ್ನು ಸಂಘ ಆರಿಸಲಿ. ಅವರ ನಂಬರ್ ಎಲ್ಲರಿಗೂ ಬಾಯಿಪಾಠ ಆಗಲಿ. ಫೋನ್ ಕಿತ್ತುಕೊಂಡರೂ ತಲೆಯಲ್ಲಿರುವ ನಂಬರನ್ನು ಕಿತ್ತುಕೊಳ್ಳಲಾಗದು. ಸಹಾಯ ಬೇಕೆಂದು ಸೂಚಿಸುವ ಒಂದು ಸಾದಾ ಮಾತನ್ನು ಎದುರಾಬದುರು ಕೂತು ಗೊತ್ತುಮಾಡಿಕೊಳ್ಳಿ. ಹಿಟ್ಟಿನ ಮಾತೋ ಹಾಲಿನ ಮಾತೋ, ಯಾರು ಓದಿದರೂ ಅನುಮಾನ ಬಾರದಂತಿರಲಿ. ಅದನ್ನು ಎಲ್ಲಿಯೂ ಬರೆಯಬೇಡಿ.

ಐದು, ಫೋನ್ ಇಲ್ಲದವಳು ಯಾವ ಸೌಲಭ್ಯದಿಂದಲೂ ವಂಚಿತಳಾಗಬಾರದು. ವಾರದ ಸಭೆ, ಚಾಪೆ, ಲೆಕ್ಕದ ಪುಸ್ತಕ, ಇವನ್ನು ವಾಟ್ಸಾಪ್ ನುಂಗಲು ಬಿಡಬೇಡಿ. ಗಂಡನ ಕಣ್ತಪ್ಪಿಸಿ ಒಂದು ತಾಸು ಕೂತು ಮಾತಾಡಲು ಎಷ್ಟೋ ಮಂದಿಗೆ ಸಂಘದ ಸಭೆಯೊಂದೇ ನೆಪ. 'ಎಲ್ಲ ಫೋನಿನಲ್ಲೇ ಆಗುತ್ತಲ್ಲ, ಸಭೆ ಯಾಕೆ?' ಎಂದು ಗಂಡಸರು ಕೇಳತೊಡಗಿದ್ದಾರೆ. ಆ ಬಾಗಿಲನ್ನು ಮುಚ್ಚುವ ಅನುಕೂಲ ನಮಗೆ ಬೇಡ.

ಆರು, ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಉಚಿತ ಕಾನೂನು ನೆರವು 15100. ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಈ ಮೂರು ನಂಬರುಗಳನ್ನು ಸಭೆಯಲ್ಲಿ ಮಗ್ಗಿಯಂತೆ ಹೇಳಿಸಿ.

ಸೋದರಿಯರೇ, ಕಂಪನಿಗಳು ಇನ್ನಷ್ಟು ಗಟ್ಟಿಯಾದ ಬೀಗಗಳನ್ನು ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಹೆಂಡತಿಯ ಫೋನ್ ತನ್ನದೆಂದು ಗಂಡ ತಿಳಿದಿರುವವರೆಗೆ, ಹೆಂಡತಿಯೇ ತನ್ನದೆಂದು ತಿಳಿದಿರುವವರೆಗೆ ಯಾವ ಬೀಗವೂ ಸಾಲದು. ಫೋನ್ ಕಸಿದುಕೊಳ್ಳುವುದು ಕೈ ತಿರುಚುವುದಕ್ಕಿಂತ ಚಿಕ್ಕ ಹಿಂಸೆಯಲ್ಲ ಎಂದು ನಮ್ಮ ಸಭೆಗಳಲ್ಲಿ ಹೇಳಬೇಕು, ಮದುವೆ ಮಾತುಕತೆಯಲ್ಲಿ ಹೇಳಬೇಕು, ನಮ್ಮ ಗಂಡುಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕು. ಒಡವೆಯ ಲೆಕ್ಕ ಕೇಳಲು ಕಲಿತೆವು, ಜಮೀನಿನ ಪತ್ರದಲ್ಲಿ ಹೆಸರು ಕೇಳಲು ಕಲಿತೆವು. ಇನ್ನು ನಮ್ಮ ಮಾತಿನ ಬೀಗದಕೈಯನ್ನೂ ಕೇಳೋಣ. ಒಬ್ಬೊಬ್ಬರಾಗಿ ಕೇಳಿದರೆ ಏಟು ಬೀಳಬಹುದು. ಇಪ್ಪತ್ತು ಮಂದಿ ಒಟ್ಟಾಗಿ ಕೇಳೋಣ.